ಸೊನ್ನೆ ರೂಪಾಯಿ ಟಿಕೆಟ್ಟು

ಹಾಸನದ ಹೊಸ ಬಸ್ ಸ್ಟ್ಯಾಂಡಿನಲ್ಲಿ
ಹೊಳೆನರಸೀಪುರದ ಬಸ್ಸು ಹತ್ತಿ ಕೂತೆ.
ನಾನು ಹುಟ್ಟಿದ ಆಸ್ಪತ್ರೆಯ ದಫ್ತರಿನಲ್ಲಿ ದ್ಯಾವಮ್ಮ,
ಪಾಸ್‌ಪೋರ್ಟಿನಲ್ಲಿ ದೇವಮ್ಮ.
ಒಂದನೇ ಕ್ಲಾಸಿನ ಮೇಷ್ಟ್ರು ತಿದ್ದಿದ್ದು, ಪಾಪ, ಒಳ್ಳೆಯದಕ್ಕೇ.
ಇವರಿಬ್ಬರೂ ಒಬ್ಬರೇನಾ ಎಂದು
ಲಕ್ಸೆಂಬರ್ಗಿನ ಕೌಂಟರಿನವಳು ಮೂರು ಭಾಷೆಯಲ್ಲಿ ಕೇಳಿದಳು,
ಮೂರರಲ್ಲೂ ನಗುನಗುತ್ತಲೇ.
ಉತ್ತರ ತರಲು ಬಂದಿದ್ದೇನೆ, ಹದಿನೆಂಟು ದಿನದ ರಜೆ.

ಪಕ್ಕದ ಹೆಂಗಸಿನ ಮಡಿಲಲ್ಲಿ ರಿಪೇರಿಯಾದ ಕುಕ್ಕರು.
"ಎಷ್ಟು ದೊಡ್ಡದವ್ವ ಆ ದೇಶ?"
ನಮ್ಮ ಜಿಲ್ಲೆಯೊಳಗೆ ಎರಡು ಸಲ ಅಳೆದು ಸುರಿದರೂ
ಮೇಲೆ ಇನ್ನೊಂದು ಹಿಡಿಗೆ ಜಾಗ ಇರುತ್ತೆ ಅಂದೆ.
"ಅಷ್ಟಕ್ಕೆ ಅಷ್ಟು ದೂರ ಹೋದ್ಯಾ?"
ಕುಕ್ಕರಿನ ಮುಚ್ಚಳ ತೆಗೆದು, ಒಳಗೆ ನೋಡಿ, ಮುಚ್ಚಿದಳು.

ನಮ್ಮಪ್ಪ ಮಾರ್ಕೆಟ್ ಯಾರ್ಡಿನಲ್ಲಿ
ಆಲೂಗೆಡ್ಡೆ ಮೂಟೆ ಎಣಿಸಿದವನು.
ಜಲಂಧರದ ಬಿತ್ತನೆ ಲಾರಿ ಬಂದರೆ
ಮೂರು ರಾತ್ರಿ ಮನೆ ಕಡೆ ಸುಳಿಯುತ್ತಿರಲಿಲ್ಲ.
ಅಲ್ಲಿ ನಾನು ಕಲಿತ ಮೊದಲ ಮಾತು ಗ್ರೊಂಪರ್.
ಅದೂ ಆಲೂಗೆಡ್ಡೆಯೇ.
ವೃದ್ಧಾಶ್ರಮದ ಅಡಿಗೆಮನೆಯಲ್ಲಿ ದಿನಕ್ಕೆ ನಲವತ್ತು ಕಿಲೋ ಸುಲಿಯುತ್ತೇನೆ.
ಮೊದಲ ವಾರ ಒಂದೊಂದನ್ನೂ ತಿರುಗಿಸಿ
ಕಣ್ಣು ಎಷ್ಟಿವೆ ಎಂದು ನೋಡುತ್ತಿದ್ದೆ, ಅಪ್ಪನ ಹಾಗೆ.
"ಬಿತ್ತಲಿಕ್ಕಲ್ಲ ಕಣೇ, ಬೇಯಿಸಲಿಕ್ಕೆ" ಎಂದು ಲುರ್ದೆಸ್ ಗದರಿದಳು.
ಅವಳು ಪೋರ್ಚುಗಲ್ಲಿನವಳು.
ಅವಳಿಗೂ ಅದು ಸಾಲದ ಭಾಷೆ, ನನಗೂ.
ಹಾಗಾಗಿ ನಮ್ಮ ಜಗಳ ಚಿಕ್ಕದಾಗಿರುತ್ತದೆ,
ಗೊತ್ತಿರುವ ಪದಗಳು ಮುಗಿಯುವವರೆಗೆ.

ಭಾನುವಾರ ಅಲ್ಲಿ ಖಾಲಿ ಬಾಟಲಿ ಕೂಡ ಎಸೆಯುವ ಹಾಗಿಲ್ಲ, ಸದ್ದಾಗುತ್ತದೆ.
ತಿಳಿಯದೆ ಧನಿಯ ಹುರಿದು ಕುಟ್ಟಿದೆ.
ಕೆಳಮನೆಯ ಮುದುಕ ಬಾಗಿಲು ತಟ್ಟಿದ.
ಬೈಯಲಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ
ಕೆಂಪು ಅಂಕಿಯ ಮೇಲೆ ಬೆರಳಿಟ್ಟು ತೋರಿಸಿ ಇಳಿದು ಹೋದ.
ಸೋಮವಾರ ಮತ್ತೆ ಬಂದ,
ನಿನ್ನೆಯ ಆ ವಾಸನೆ ಏನು ಎಂದು ಕೇಳಲು.
ಲೋಟದಲ್ಲಿ ಸಾರು ಕೊಟ್ಟೆ. ನಿಂತೇ ಕುಡಿದ.
ಕಣ್ಣಲ್ಲಿ ನೀರು, ಮೂಗಿನಲ್ಲೂ.
ಲೋಟ ತೊಳೆದು ತಂದುಕೊಟ್ಟ, ಗುರುವಾರ.

ಕಂಡಕ್ಟರು ಬಂದ.
ಅಲ್ಲಿ ಬಸ್ಸಿಗೆ ಯಾರೂ ದುಡ್ಡು ಕೊಡುವುದಿಲ್ಲ.
ಹತ್ತುವಾಗ ಡ್ರೈವರಿಗೆ ಮೊಯೆನ್ ಅಂದರೆ ಆಯಿತು,
ಬೆಳಗಿಗೂ ಅದೇ ನಮಸ್ಕಾರ, ಸಂಜೆಗೂ ಅದೇ.
"ಎಲ್ಲಿಗಮ್ಮ?" ಅಂದಾಗ ಬಾಯಿ ತಪ್ಪಿ ಅದನ್ನೇ ಅಂದೆ.
"ಮೊಸಳೆನಾ?"
ಆಧಾರ್ ನೋಡಿ, ಮಷೀನು ಒತ್ತಿ, ಹರಿದು ಕೊಟ್ಟ:
ಮೊಸಳೆ ಹೊಸಹಳ್ಳಿ, ಮಹಿಳೆ ಒಂದು, ಸೊನ್ನೆ ರೂಪಾಯಿ.

ಅಲ್ಲೂ ಸೊನ್ನೆ, ಇಲ್ಲೂ ಸೊನ್ನೆ.
ಇಲ್ಲಿಯದಕ್ಕೆ ಮಾತ್ರ ಸಾಕ್ಷಿ ಬೇಕು, ಈ ನೆಲದವಳೆಂದು.
ಸಾಕ್ಷಿಯಲ್ಲಿ ಇರುವುದು ಹೇಮಾವತಿ ನಗರದ ಬಾಡಿಗೆ ಮನೆ.
ಮೊನ್ನೆ ಆ ಬೀದಿಯಲ್ಲಿ ನಡೆದೆ,
ನಮ್ಮ ತಂತಿಯ ಮೇಲೆ ಯಾರದೋ ಮಗುವಿನ ಸ್ವೆಟರು ಒಣಗುತ್ತಿತ್ತು.

ತಿದ್ದಿಸೋಣವೆಂದರೆ ಅವನು ಹಿಂದಿನ ಸೀಟಿಗೆ ಹೋಗಿದ್ದ.
"ಚೆಕಿಂಗ್ ಬಂದ್ರೆ ತಾಪತ್ರಯ, ಇಳ್ಕೊಂಬುಡು,
ಇನ್ನೊಂದು ಬತ್ತದೆ" ಅಂದಳು ಕುಕ್ಕರಿನವಳು.
ಇಳಿದೆ.

ಟೀ ಅಂಗಡಿಯವನು ಕೇಳಿದ, ಯಾರ ಮನೆಗೆ ಬಂದ್ರಿ?
ಯಾರ ಮನೆಗೂ ಅಲ್ಲ, ಅಂದೆ.
ಅದೂ ಒಂದು ವಿಳಾಸವೇ ಎಂಬಂತೆ ತಲೆಯಾಡಿಸಿ
ಬೆಂಚಿನ ಮೇಲಿನ ಪೇಪರು ಸರಿಸಿದ.
ಬಸ್ಸು ಇಪ್ಪತ್ತು ನಿಮಿಷ ಅಂದ,
ಸ್ವಲ್ಪ ಹೊತ್ತು ಬಿಟ್ಟು, ಇಲ್ಲ, ಮುಕ್ಕಾಲು ಗಂಟೆ.
ಬಿಸಿಲಲ್ಲಿ ಒಂದು ನಾಯಿ ಎದ್ದು, ತಿರುಗಿ, ಅಲ್ಲೇ ಮಲಗಿತು.

ಆಧಾರ್ ಕೈಯಲ್ಲೇ ಹಿಡಿದು
ಮೆಲ್ಲಗೆ ಬಾಯೊಳಗೆ ಹೇಳಿಕೊಳ್ಳುತ್ತ ಕೂತಿದ್ದೆ:
ಹೊಳೆನರಸೀಪುರ, ಹೊಳೆನರಸೀಪುರ,
ಆ ಊರಿನ ಮೊದಲ ಬೆಳಿಗ್ಗೆ
ಮೂರು ಮಹಡಿ ಮೆಟ್ಟಿಲು ಇಳಿಯುತ್ತ
ಮೊಯೆನ್, ಮೊಯೆನ್ ಎಂದು
ಹೇಳಿಕೊಂಡ ಹಾಗೆ.