ಐದು ಸೊನ್ನೆ

ಮಿಕ್ಸಿ ಜಾರಿನ ಬ್ಲೇಡಿನ ಕೆಳಗೆ ಒಂದು ರಬ್ಬರ್ ಉಂಗುರ ಇರುತ್ತದೆ,
ಹರಿಯುವವರೆಗೆ ಯಾರಿಗೂ ಗೊತ್ತಿರುವುದಿಲ್ಲ.
ನನಗೆ ಗೊತ್ತಾದದ್ದು ಶುಕ್ರವಾರ ಬೆಳಿಗ್ಗೆ, ಶಾರ್ಜಾದ ರೋಲಾದಲ್ಲಿ.
ಹೊರಗೆ ನಲವತ್ತಾರು ಡಿಗ್ರಿ,
ಒಳಗೆ ಮೂರು ಮಂಚ, ಮೂರು ಹೆಂಗಸರು,
ಕಟ್ಟೆಯ ಮೇಲೆ ಹರಿದುಹೋಗುತ್ತಿರುವ ಕಾಯಿಚಟ್ನಿ.

ಆ್ಯಪಿನಲ್ಲಿ ಒಂಟೆಯೂ ಸಿಗುತ್ತದೆ, ಇದೇನು ಮಹಾ
ಎಂದಳು ಲವೀನಾ.
ಒಂಟೆ ಸಿಗುತ್ತದೋ ಏನೋ.
ಉಂಗುರ ಎಂದರೆ ಹದಿನೆಂಟು ಕ್ಯಾರೆಟ್ಟಿನದು ಬಂತು,
ರಬ್ಬರ್ ಎಂದರೆ ಚಪ್ಪಲಿ,
ಮಿಕ್ಸಿ ಎಂದರೆ ಹೊಸ ಮಿಕ್ಸಿಗಳೇ ಸಾಲುಗಟ್ಟಿ ನಿಂತವು,
ಗಂಡಿನ ಕಡೆಯವರ ಹಾಗೆ ಮಿರಮಿರನೆ.
ಹನ್ನೊಂದನೆಯ ಪುಟದ ತಳದಲ್ಲಿ ಅಂತೂ ಸಿಕ್ಕಿತು:
ಮೂರು ದಿರ್ಹಮ್ ಇಪ್ಪತ್ತೈದು ಫಿಲ್ಸ್.
ಮೂವತ್ತಕ್ಕಿಂತ ಕಡಿಮೆಯಾದರೆ ಮನೆಗೆ ತರುವುದಿಲ್ಲವಂತೆ.
ಹಾಗಾಗಿ ಒಂದು ಛತ್ರಿಯನ್ನೂ ಕೊಂಡೆ,
ಮಳೆ ಬಂದರೆ ಜನ ಫೋಟೋ ತೆಗೆಯುವ ಊರಿನಲ್ಲಿ.

ಹೆಸರು ಕೇಳಿತು. ಚಂದ್ರಾವತಿ.
ಮನೆತನದ ಹೆಸರು ಕೇಳಿತು.
ಪಾಸ್‌ಪೋರ್ಟಿನಲ್ಲೇ ಇಲ್ಲದ್ದು ಇದಕ್ಕೆಲ್ಲಿಂದ ತರಲಿ?
ಖಾಲಿ ಬಿಟ್ಟೆ, ಕೆಂಪಗಾಯಿತು.
ಚುಕ್ಕಿ ಇಟ್ಟೆ, ಇನ್ನೂ ಕೆಂಪಗಾಯಿತು.
ಮತ್ತೊಮ್ಮೆ ಚಂದ್ರಾವತಿ ಎಂದೆ, ಒಪ್ಪಿತು.
ಅಂದಿನಿಂದ ಅದು ನನ್ನನ್ನು
ಚಂದ್ರಾವತಿ ಚಂದ್ರಾವತಿ ಎಂದೇ ಕರೆಯುತ್ತದೆ,
ಬಾವಿಕಟ್ಟೆಯಿಂದ ಯಾರೋ ಗಡಿಬಿಡಿಯಲ್ಲಿ ಕೂಗಿದಂತೆ.
(ನನಗದು ಇಷ್ಟ. ಯಾರಿಗೂ ಹೇಳಿಲ್ಲ.)

ಪಿನ್‌ಕೋಡ್ ಕೇಳಿತು.
ಈ ಊರಿಗೆ ಪಿನ್‌ಕೋಡೇ ಇಲ್ಲ ಮಾರಾಯ,
ಇರುವುದೆಲ್ಲ ಹಿಂದೆ, ಎದುರು, ಪಕ್ಕ:
ಹಳೇ ಔಷಧದಂಗಡಿಯ ಹಿಂದೆ,
ಮುಚ್ಚಿಹೋದ ಇರಾನಿ ಬೇಕರಿಯ ಎದುರು.
ಐದು ಸೊನ್ನೆ ಒತ್ತು ಎಂದಳು ಲವೀನಾ.
ಒತ್ತಿದೆ.
ಈ ಮರಳಿನಲ್ಲಿ ಎಷ್ಟು ಸಾವಿರ ಜನ
ಅದೇ ಸೊನ್ನೆಯೂರಿನಲ್ಲಿ ಮನೆ ಮಾಡಿಕೊಂಡಿದ್ದೇವೋ!

ಗುಟ್ಟಿನ ಸಂಖ್ಯೆ ಕಳಿಸಿದ್ದೇನೆ, ಅರವತ್ತು ಸೆಕೆಂಡಿನೊಳಗೆ ಹೇಳು ಎಂದಿತು.
ಬಂದದ್ದು ಅರವತ್ತೊಂದಕ್ಕೆ.
ನೀನು ಯಂತ್ರವಲ್ಲವೆಂದು ತೋರಿಸು ಎಂದಿತು.
ಒಂಬತ್ತು ಚೌಕ, ಅದರಲ್ಲಿ ಬೆಂಕಿ ನಂದಿಸುವ ನಲ್ಲಿ ಆರಿಸಬೇಕು.
ಹೋಟೆಲಿನ ಲಾಂಡ್ರಿಯಲ್ಲಿ
ದಿನಕ್ಕೆ ಆರುನೂರು ದಿಂಬಿನ ಚೀಲ ಮಡಿಸುವ ನಾನು
ಮೂರು ಸಲ ಫೇಲಾಗಿ
ನಾಲ್ಕನೆಯದಕ್ಕೆ ಮನುಷ್ಯಳಾದೆ.

ಮಾರನೆಯ ದಿನ ನಕಾಶೆಯಲ್ಲಿ ಪುಟ್ಟ ಬೈಕು ಹೊರಟಿತು.
ಮೂವರೂ ಮಂಚದ ಮೇಲೆ ಕೂತು ಫೋನಿಗೆ ಬಾಗಿದೆವು,
ಕೊನೆಯ ಓವರ್ ನೋಡುವವರಂತೆ.
ಎಡಕ್ಕೆ ತಿರುಗು, ಎಡಕ್ಕೆ! ಎಂದು ಶೈಲಜಾ ಕಿರುಚಿದರೆ
ಅದು ಖಾಲಿದ್ ಲಗೂನಿನ ನೀರಿನೊಳಗೇ ಓಡಿತು.
ಆ ಹತ್ತು ನಿಮಿಷಕ್ಕೆ ಎಷ್ಟು ಕೇಳಿದರೂ ಕೊಡುತ್ತಿದ್ದೆ.

ಬಂದವನು ನೇಪಾಳದ ಹುಡುಗ, ಟೇಕ್ ಬಹಾದುರ್.
ಎರಡು ಲೋಟ ನೀರು ಕುಡಿದ.
ಡಬ್ಬ ದೊಡ್ಡದು, ಅದರೊಳಗೆ ಗಾಳಿ ತುಂಬಿದ ಚೀಲ,
ಅದರೊಳಗೆ ಉಂಗುರ, ಬಳೆಯಷ್ಟು ಅಗಲ.
ಅವನೂ ನೋಡಿದ, ನಾನೂ ನೋಡಿದೆ.

ಚಾಟಿನಲ್ಲಿ ಯಾರೋ ಲೈಲಾ:
ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ, ಚಂದ್ರಾವತಿ ಚಂದ್ರಾವತಿ.
ಏಳು ಸಲ ಅರ್ಥವಾಯಿತು ಅವಳಿಗೆ.
ರಾತ್ರಿ ಎರಡಕ್ಕೆ ದುಡ್ಡು ವಾಪಸ್ ಬಂತು,
ಮೂರು ದಿರ್ಹಮ್ ಇಪ್ಪತ್ತೈದು.
ಎದ್ದು ಕೂತು ಇನ್ನೊಮ್ಮೆ ಓದಿದೆ, ಲಾಟರಿ ಹೊಡೆದವಳಂತೆ.

ಸೋಮವಾರ ಬೆಲ್ಲಾಯಿತು. ಟೇಕ್ ಬಹಾದುರ್.
ಆರ್ಡರ್ ಇರಲಿಲ್ಲ, ನಕಾಶೆಯಲ್ಲಿ ಬೈಕೂ ಇರಲಿಲ್ಲ.
ಅಂಗೈಯಲ್ಲಿ ಹಳೆಯದೊಂದು ಉಂಗುರ:
ನಮ್ಮ ರೂಮಿನ ಸತ್ತ ಮಿಕ್ಸಿಯದು ದೀದಿ, ಆಗುತ್ತಾ ನೋಡಿ.
ಆಯಿತು.
ದುಡ್ಡು ಬೇಡವೆಂದ.
ಛತ್ರಿ ಕೊಟ್ಟೆ. ಊರಿಗೆ ಹೋಗುತ್ತೇನೆ, ಅಲ್ಲಿ ಮಳೆ, ಎಂದ.

ಅಂದು ಸಂಜೆ ಆ್ಯಪ್ ಕೇಳಿತು: ಉಂಗುರ ಹೇಗಿತ್ತು?
ಯಾವ ಉಂಗುರ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ.
ಐದಕ್ಕೈದು ನಕ್ಷತ್ರ ಒತ್ತಿದೆ.
ಇಪ್ಪತ್ತು ಅಕ್ಷರವಾದರೂ ಬರೆಯಬೇಕಂತೆ.
ಕನ್ನಡದಲ್ಲೇ ಬರೆದೆ:
ಚಟ್ನಿ ನುಣ್ಣಗಾಯಿತು, ಹುಡುಗನಿಗೆ ದೇವರು ಒಳ್ಳೆಯದು ಮಾಡಲಿ.

ಹದಿನೈದು ದಿನದ ಮೇಲೆ ನೋಡಿದರೆ
ಅದರ ಕೆಳಗೊಂದು ಸಣ್ಣ ಸಾಲು:
ಒಬ್ಬರಿಗೆ ಇದು ಉಪಯುಕ್ತವೆನಿಸಿದೆ.

ಯಾರಪ್ಪಾ ಅದು?
ಲವೀನಾ ತಾನಲ್ಲವೆಂದು ಆಣೆ ಹಾಕಿದಳು.