ಎಳೆ ಕಡಿಯುವ ಜಾಗ

ಎಂಟು ನಿಮಿಷ, ಒಬ್ಬಳೇ, ಕಥೆ ನಿನ್ನದೇ ಇರಲಿ
ಎಂದಿದ್ದಾರೆ ವೈಜಯಂತಿ ಮಿಸ್.
ಪರೀಕ್ಷೆಗೆ ಇನ್ನು ಇಪ್ಪತ್ತಾರು ದಿನ.

ನಿಟ್ಟುವಳ್ಳಿಯ ನಮ್ಮ ತಾರಸಿಯ ಮೇಲೆ
ಸೀಮೆಸುಣ್ಣದಲ್ಲಿ ಚೌಕ ಬರೆದು
ನೀರಿನ ಟ್ಯಾಂಕಿಗೆ ಫೋನು ಒರಗಿಸಿದ್ದೇನೆ.
ಹದಿನೇಳು ವಿಡಿಯೊ. ಹದಿನಾರು ಅಳಿಸಿದೆ.
ಉಳಿದ ಒಂದರಲ್ಲಿ ನಾನಿಲ್ಲ;
ಕಾಲು ತಾಗಿ ಫೋನು ಮಗುಚಿ
ಎರಡೂವರೆ ನಿಮಿಷ ಬರೀ ಆಕಾಶ,
ಎಲ್ಲಿಂದಲೋ ನನ್ನ ತಟ್ಟಡವಿನ ಸದ್ದು.
ಅದೇ ಎಲ್ಲಕ್ಕಿಂತ ಚೆನ್ನಾಗಿದೆ.

ಮೊದಲು ರಾಧೆಯಾದೆ. ಬೇಸರ ಬಂತು.
ನದಿಯಾಗಲು ನೋಡಿದೆ:
ಎಲ್ಲರ ನದಿಯೂ ಒಂದೇ ಥರ,
ಎರಡು ಪತಾಕ, ಒಂದು ಸೊಂಟ, ಕೊನೆಗೊಂದು ಸಮುದ್ರ.
ನಮ್ಮ ಓಣಿಗೆ ಬರುವುದು ನಾಲೆಯ ನೀರು,
ಪೈಪಿನಿಂದ ಕೊಡಕ್ಕೆ, ಸರತಿಯ ಪ್ರಕಾರ.
ಅದಕ್ಕೆ ಯಾವ ಹಸ್ತ?

ಸಾಕಾಗಿ ಮೆಟ್ಟಿಲಿಳಿದರೆ
ಅಜ್ಜಿ ಹಾಲಮ್ಮ ಎದುರುಮನೆಯ ಜೈಬುನ್ನಿಸಾಳೊಂದಿಗೆ
ಮಾತಿಗೆ ಕೂತಿದ್ದಳು.
ಅವಳು ಆ ಕಟ್ಟೆಯಲ್ಲಿ, ಇವಳು ಈ ಕಟ್ಟೆಯಲ್ಲಿ,
ನಡುವೆ ರಸ್ತೆ, ಆಟೋ, ಬೋರು ಕೊರೆಯುವ ಲಾರಿ.
ಒಂದು ಶಬ್ದವಿಲ್ಲ. ಬರೀ ಕೈ.

ಇಬ್ಬರೂ ಹತ್ತಿ ಗಿರಣಿಯವರು, ರೀಲಿಂಗ್ ಖಾತೆ.
ಮಿಷನ್ನಿನ ಸದ್ದಿಗೆ ಗಂಟಲು ಸೋತಾಗ
ಬೆರಳಿಗಿಳಿದ ಭಾಷೆ ಅದು:
ಗಲ್ಲದ ಮೇಲೆ ಎರಡು ಬೆರಳು, ಮುಕಾದಮ ಬಂದ.
ತುಟಿಗೆ ಮುಷ್ಟಿ, ಚಾ.
ಕಿರುಬೆರಳಿಗೆ ಶಾಲೆಯಲ್ಲಿ ಏನರ್ಥವೋ ಅಲ್ಲೂ ಅದೇ.
ಹೆಬ್ಬೆರಳಿಗೆ ತೋರುಬೆರಳು ತಿಕ್ಕಿದರೆ
ಎಳೆ ಕಡೀತು.
ಗಿರಣಿ ಮುಚ್ಚಿ ನನ್ನ ವಯಸ್ಸಿಗಿಂತ ಹೆಚ್ಚಾಯಿತು.
ಕಿವಿ ಅಲ್ಲೇ ಬಿಟ್ಟು ಬಂದಳು ಅಜ್ಜಿ,
ಕೈ ತಂದಳು.

ಹನ್ನೊಂದು ವರ್ಷ ನಾನು ಕಲಿತ ಕಟಕಾಮುಖ,
ಹೂ ಕೀಳಲು, ಹಾರ ಹಿಡಿಯಲು, ಬಿಲ್ಲಿನ ಹೆದೆ ಎಳೆಯಲು,
ಅವಳ ಬಲಗೈಯಲ್ಲಿ ಸುಮ್ಮನೆ ಕೂತಿತ್ತು
ಗಂಟು ಹಾಕುವ ಕೆಲಸಕ್ಕೆ.

ಮಿಸ್ಸಿಗೆ ಹೇಳಿದೆ.
ನಾಯಕಿ ಯಾರು, ಎಂದರು.
ರೀಲಿಂಗ್ ಖಾತೆಯವಳು.
ಯಾರಿಗಾಗಿ ಕಾಯುತ್ತಾಳೆ?
ಮೂರು ಗಂಟೆಯ ಸೈರನ್ನಿಗೆ.
ಅವರು ನಗಲಿಲ್ಲ. ಕೋಲು ಬದಿಗಿಟ್ಟು
ಜತಿ ಎಲ್ಲಿ ಕೂರಿಸ್ತೀಯ, ಎಂದರು.
ಅದು ಅವರ ಅರ್ಧ ಒಪ್ಪಿಗೆ.

ಚತುರಶ್ರದಲ್ಲಿ ಕೂರಲೊಲ್ಲದು.
ತಿಶ್ರಕ್ಕೆ ಹಾಕಿದರೆ ಗಿರಣಿಯಲ್ಲಿ ಮದುವೆ ನಡೆದಂತೆ.
ಕೊನೆಗೆ ಖಂಡ, ತಕ ತಕಿಟ:
ಎರಡಕ್ಕೆ ತಡೆ, ಮೂರಕ್ಕೆ ಗಂಟು.

ಅಜ್ಜಿಯನ್ನು ತಾರಸಿಗೆ ಹತ್ತಿಸಿದೆ.
ತಾಳ ಕೇಳದವಳು, ನನ್ನ ಮುಖ ನೋಡದವಳು,
ಮಂಡಕ್ಕಿ ಮೆಲ್ಲುತ್ತ ಎಂಟೂ ನಿಮಿಷ ಕೂತಳು.
“ಚೊಲೋ ಐತಿ. ಆದ್ರ ನೀ ನೋಡಿದಾಗ
ನಿನ್ನ ಎಳಿ ಕಡೀತತಿ.
ಹಂಗ ಕಡಿಯಂಗಿಲ್ಲವ್ವ.
ನೀ ಎಲ್ಲೋ ನೋಡ್ತಿರ್ತಿ,
ಹರಿದ ಚಪ್ಲಿದೋ, ಕೂಸಿನ ಜ್ವರದ್ದೋ ಚಿಂತಿ ಇರ್ತತಿ.
ಬೆರಳಿಗೆ ಮೊದ್ಲು ಗೊತ್ತಾಗ್ತತಿ.
ಕಣ್ಣು ಆಮ್ಯಾಕ ಬರ್ತತಿ, ಬಂದ್ರ.”

ಕೈ ಹೋದಲ್ಲಿ ಕಣ್ಣು ಹೋಗಬೇಕು,
ಮೊದಲ ವರ್ಷದ ಮೊದಲ ಪಾಠ.
ಅದನ್ನು ಬಿಡಲು ಹತ್ತು ದಿನ ಸಾಲಲಿಲ್ಲ.
ಕಣ್ಣು ನಾಯಿಯಂತೆ ಕೈ ಹಿಂದೆಯೇ ಓಡುತ್ತದೆ,
ಗದರಿಸಿ ಗದರಿಸಿ ಕೂರಿಸುತ್ತೇನೆ,
ದೂರದ ರೈಲ್ವೆ ಗೇಟಿನ ಕೆಂಪು ದೀಪದ ಮೇಲೆ.
ಹಾಗೆ ಕೂತಾಗ ಒಮ್ಮೆ, ಒಮ್ಮೆ ಮಾತ್ರ,
ಬೆರಳುಗಳ ನಡುವೆ ಏನೋ ಇತ್ತು.

ತಿರುಗುಗಳು ಹೋದವು. ಜಿಗಿತ ಹೋಯಿತು.
ಮಿಸ್ಸಿಗೆ ಇಷ್ಟವಾದ ಕೊನೆಯ ಮಂಡಿಯೂ ಹೋಯಿತು.
ಎಂಟು ನಿಮಿಷ ಬೇಕು, ಐದೂ ಮುಕ್ಕಾಲು ಇದೆ.

ನಿನ್ನೆ ಅಜ್ಜಿ ನನ್ನನ್ನು ತೋರಿಸಿ
ಜೈಬುನ್ನಿಸಾಗೆ ಒಂದು ಸನ್ನೆ ಮಾಡಿದಳು.
ಎದೆಗೆ ಅಂಗೈ, ಕಿವಿಯ ಬಳಿ ಬಿಚ್ಚಿದ ಐದು ಬೆರಳು.
ಇಬ್ಬರೂ ಕಣ್ಣೀರು ಬರುವಷ್ಟು ನಕ್ಕರು.
ಏನಂದಿ ಎಂದರೆ, “ಅದು ಖಾತೆ ಒಳಗಿನ ಮಾತು.”

ಅದನ್ನು ನಾಲ್ಕನೇ ನಿಮಿಷಕ್ಕೆ ಹಾಕಿದ್ದೇನೆ.
ಆಶೀರ್ವಾದವಿರಬಹುದು, ಹಸಿ ಬೈಗುಳವಿರಬಹುದು.
ಮುಖ ಶಾಂತವಾಗಿಟ್ಟುಕೊಂಡು ಮಾಡುತ್ತೇನೆ,
ಗೇಟಿನ ಕಡೆ ನೋಡುತ್ತ.