ಎಂಟು ಸೆಕೆಂಡಿನ ನಿದ್ದಿ

ಬೆಟಗೇರಿಯ ಪ್ರೆಸ್ಸಿನ ಒಳಕೋಣೆಯಲ್ಲಿ
ಲಗ್ನಪತ್ರಿಕೆಯ ಅಕ್ಷರ ಕೂಡಿಸುವ ನನ್ನ ಹಳೇ ಲ್ಯಾಪ್‌ಟಾಪು
ಟಕ್ ಅನ್ನುತ್ತದೆ.
ಎಂಟೆಣಿಸಿದರೆ ಮತ್ತೆ, ಟಕ್.

ಹಾರ್ಡ್ ಡಿಸ್ಕಿನ ಮುಳ್ಳು ಗೂಡಿಗೆ ಹೋಗಿ ಮಲಗುವ ಸದ್ದು.
ಕೆಲಸವಿಲ್ಲದಾಗ ಮಲಗು, ಕರೆಂಟು ಉಳಿಯಲಿ
ಎಂದು ಯಾರೋ ಹೇಳಿಟ್ಟಿದ್ದಾರೆ ಅದಕ್ಕೆ.
ಈ ಲಿನಕ್ಸೋ, ಸೊಸಾಯಿಟಿಯ ಗುಮಾಸ್ತನ ಜಾತಿ,
ಏನೂ ಆಗದಿದ್ದರೂ ವಹಿ ತೆಗೆದು ಬರೆಯುತ್ತದೆ:
ಏನೂ ಆಗಲಿಲ್ಲ.
ಬರೆಯಬೇಕು, ಏಳು. ಬರೆದಾಯಿತು, ಮಲಗು.

ಲೆಕ್ಕ ತೆಗೆಸಿದೆ.
ನಾಲ್ಕು ಲಕ್ಷ ಹನ್ನೆರಡು ಸಾವಿರದ ಒಂಬೈನೂರಾ ಆರು ಸಲ
ಮಲಗಿ ಎದ್ದಿದೆ. ಆರು ಲಕ್ಷಕ್ಕೆ ಆಯುಷ್ಯವಂತೆ.
ನಾನು ಹುಟ್ಟಿದಾಗಿನಿಂದ ಮಲಗಿದ ರಾತ್ರಿಗಳೆಲ್ಲ ಕೂಡಿದರೂ
ಹದಿನಾರು ಸಾವಿರ ದಾಟುವುದಿಲ್ಲ.

ದಾವಲಸಾಬ ಬಂದ, ಅಂಗೈಯ ಮಸಿ ಪ್ಯಾಂಟಿಗೆ ಒರೆಸಿ
ಕೀಬೋರ್ಡಿನ ಎಡಮೂಲೆಗೆ ಕೈಯಿಟ್ಟ.
ಮೂವತ್ತು ವರ್ಷ ಟ್ರೆಡಲ್ ತುಳಿದು ಕಿವಿ ಕಳಕೊಂಡವನು,
ಮಶೀನಿನ ಮಾತು ಅವನ ಕೈಗೇ ಕೇಳುತ್ತದೆ.
"ನಿದ್ದಿ ಹತ್ತವಲ್ದು ಇದಕ್ಕ, ಅಕ್ಕಾರ.
ಒಂದರ ಪೂರ್ತಿ ಮಲಗಸ್ರಿ,
ಇಲ್ಲಾ ಎಬ್ಬಿಸಿ ಕುಂದರಸ್ರಿ."

ಕಪ್ಪು ಪರದೆ ತೆರೆದು ಎಚ್‌ಡಿಪಾರ್ಮ್ ಅಂದೆ.
ನೂರಾ ಇಪ್ಪತ್ತೆಂಟು ಇದ್ದದ್ದನ್ನು
ಇನ್ನೂರಾ ಐವತ್ನಾಲ್ಕು ಮಾಡಿದೆ.
ಸದ್ದು ನಿಂತಿತು. ಗೆದ್ದೆ ಅಂದುಕೊಂಡು
ಹುಲಕೋಟಿಯವರ ಪತ್ರಿಕೆಗೆ ಕೂತೆ.
ಸೋದರಮಾವನ ಹೆಸರು ಮೂರು ಸಲ ತಿದ್ದಿಸಿದರು.

ನಾಲ್ಕಕ್ಕೆ ಕರೆಂಟು ಹೋಯಿತು.
ಆಫ್‌ಸೆಟ್ಟು ನಿಂತಿತು, ಫ್ಯಾನು ನಿಂತಿತು,
ಹಿಂದಿನ ಓಣಿಯ ಮಗ್ಗಗಳು ಒಂದೇ ಉಸಿರಿಗೆ ನಿಂತವು.
ಅಷ್ಟು ದೊಡ್ಡ ಮೌನದ ನಡುವೆ, ಟಕ್.

ಅಯ್ಯ ಶಿವನೇ.
ಬ್ಯಾಟರಿಗೆ ಕಾನೂನೇ ಬೇರೆ!
ವೈರಿನಲ್ಲಿ ಕರೆಂಟು ಇಲ್ಲ ಅಂದಕೂಡಲೆ
ಯಾವುದೋ ಮೂಲೆಯ ಕಡತ ಎದ್ದು ಬಂದು
ನನ್ನ ಅಂಕಿ ಅಳಿಸಿ ತನ್ನದು ಬರೆಯುತ್ತದೆ.
ಮಶೀನಿನ ಗದ್ದಲದಲ್ಲಿ ಇದನ್ನೆಂದೂ ಹಿಡಿಯುತ್ತಿರಲಿಲ್ಲ ನಾನು.

ಹುಡುಕಿದೆ. ಒಂದು ಕಡತ, ಅದರೊಳಗೆ ಇನ್ನೊಂದರ ಹೆಸರು,
ಅಲ್ಲಿ ಹೋದರೆ ಮುಟ್ಟಬೇಡ ಎಂಬ ಒಂದು ಸಾಲು.
ಮುಟ್ಟಿದೆ.
ಬ್ಯಾಟರಿ ಹನ್ನೊಂದು ಪರ್ಸೆಂಟಿಗೆ ಇಳಿದಿತ್ತು ಮುಗಿಯುವಷ್ಟರಲ್ಲಿ.

ಎಂಟೆಣಿಸಿದೆ. ಹದಿನಾರು ಎಣಿಸಿದೆ.
ತಿರುಗುವ ತಟ್ಟೆಯ ಸಣ್ಣ ಗುಂಯ್, ಅಷ್ಟೇ.
ಕರೆದು ಕೈಯಿಡಿಸೋಣವೆಂದು ಹೊರಗೆ ಬಂದರೆ
ದಾವಲಸಾಬ ಪೇಪರಿನ ರೀಮುಗಳ ಮೇಲೆ
ಬಾಯಿ ತೆರೆದು ಮಲಗಿದ್ದ.

ಎಬ್ಬಿಸಲಿಲ್ಲ.